ಪರನಾಡ ಮಣ್ಣಿನಲ್ಲಿ ನಮ್ಮವರ ಹೆಸರು

ಸಾಂಗಲಿಯಿಂದ ತಾಸಗಾಂವದ ಕಡೆಗೆ ಹೊರಟವರಿಗೆ ಮಾಧವನಗರದ ನೆರೆಯಲ್ಲಿಯೇ ಬುಧಗಾಂವ ಸಿಗುತ್ತದೆ. ಸಂಸ್ಥಾನಗಳ ಕಾಲದಲ್ಲಿ ಅದು ಕಿರಿಯ ಮಿರಜದ ಪಟವರ್ಧನ ಮನೆತನದ ರಾಜಧಾನಿ. 1948ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡಿತು. ರಾಜಧಾನಿ ಮತ್ತೆ ಹಳ್ಳಿಯಾಯಿತು. ಊರಿನ ಪಕ್ಕದಲ್ಲಿ ಹಾಯುವ ರೈಲುಹಾದಿ ಮಾತ್ರ ಸಂಸ್ಥಾನದ ಗಡಿಯನ್ನಾಗಲಿ ಪ್ರಾಂತದ ಗಡಿಯನ್ನಾಗಲಿ ಎಂದೂ ಲೆಕ್ಕಕ್ಕೆ ಹಿಡಿದದ್ದಿಲ್ಲ. ಬೆಳಗಾವಿಯ ದಂಡಿನಿಂದ ಮುಂಬಯಿಯ ಬಂದರಕ್ಕೆ ಹೋಗಬೇಕಾದ ಸಿಪಾಯಿಗೆ ಮೀಟರ್ ಗೇಜಿನ ಆ ದಿನಗಳಲ್ಲಿ ಮಿರಜ ಜಂಕ್ಷನ್ನೇ ಹೆಬ್ಬಾಗಿಲು. ಅಲ್ಲಿಂದ ಪುಣೆಯ ಗಾಡಿ, ಪುಣೆಯಿಂದ ಹಡಗಿನ ಕಟ್ಟೆ, ಆಮೇಲೆ ಕಪ್ಪು ನೀರು.

ಹಾಗೆ ಹೋದವರ ಗುರುತು ನಮ್ಮ ಸೀಮೆಯಲ್ಲಿ ಎಲ್ಲಿ ಉಳಿದಿದೆ ಎಂದು ಕೇಳಿದರೆ ತೋರಿಸಬಹುದಾದದ್ದು ಒಂದು ಕಲ್ಲು. ಹಳೆಯ ಮುಂಬಯಿ ಪ್ರಾಂತದ ಹಲವು ಹಳ್ಳಿಗಳಲ್ಲಿ ಚಾವಡಿಯ ಗೋಡೆಯಲ್ಲಿಯೋ ಗುಡಿಯ ಕಟ್ಟೆಯಲ್ಲಿಯೋ ಅದನ್ನು ಕೂಡಿಸಿದ್ದಾರೆ. 1914ರಿಂದ 1919ರವರೆಗಿನ ಮಹಾಯುದ್ಧಕ್ಕೆ ಈ ಊರಿನಿಂದ ಇಷ್ಟು ಜನ ಹೋದರು, ಅವರಲ್ಲಿ ಇಷ್ಟು ಜನ ಪ್ರಾಣವಿತ್ತರು ಎಂಬುದು ಅದರ ಒಕ್ಕಣೆ. ಹೋದವರ ಸಂಖ್ಯೆಯುಂಟು, ಸತ್ತವರ ಸಂಖ್ಯೆಯುಂಟು, ಹೆಸರಿಲ್ಲ. ಯಾರ ಮಗ, ಯಾವ ಮನೆ, ಎಲ್ಲಿ ಬಿದ್ದ ಎಂಬ ಮಾತಿಲ್ಲ. ಕಲ್ಲು ನಿಲ್ಲಿಸಿದ ಸರಕಾರಕ್ಕೆ ಅಷ್ಟು ಸಾಕೆನಿಸಿರಬೇಕು. ಊರಿನವರಿಗೆ ಆಗ ಹೆಸರು ಬಾಯಿಪಾಠವಾಗಿದ್ದುದರಿಂದ ಅವರೂ ಕೇಳಿರಲಾರರು. ನೂರು ವರ್ಷಗಳಾದ ಮೇಲೆ ಬಾಯಿಪಾಠವಿದ್ದವರು ಇಲ್ಲ. ಸಂಖ್ಯೆ ಮಾತ್ರ ಉಳಿದಿದೆ. ಅದರ ಮೇಲೂ ಹಬ್ಬಕ್ಕೊಮ್ಮೆ ಸುಣ್ಣ ಬೀಳುತ್ತದೆ.

ಈ ಕಲ್ಲುಗಳ ಹಿಂದಿನ ಕತೆಯನ್ನು ತಿಳಿಯಬೇಕಾದರೆ ಇರಾಕಿನ ಮರುಭೂಮಿಯವರೆಗೆ ಹೋಗಬೇಕು. ಮೊದಲನೆಯ ಮಹಾಯುದ್ಧದಲ್ಲಿ ಪುಣೆಯ 6ನೆಯ ಡಿವಿಜನ್ನಿನೊಡನೆ ಮೆಸೊಪೊಟೇಮಿಯಕ್ಕೆ ಹೋದ ಪಲ್ಟಣಗಳಲ್ಲಿ 103, 110, 117ನೆಯ ಮರಾಠಾ ಪಲ್ಟಣಗಳಿದ್ದವು. ಟೈಗ್ರಿಸ್ ನದಿಯ ದಂಡೆಯ ಕೂತ್ ಪಟ್ಟಣದಲ್ಲಿ ತುರ್ಕರು 1915ರ ಡಿಸೆಂಬರಿನಲ್ಲಿ ಅವರನ್ನು ಮುತ್ತಿದರು. ಸುಮಾರು ಐದು ತಿಂಗಳ ಮುತ್ತಿಗೆ. ರೇಶನ್ನು ಕರಗುತ್ತ ಬಂದು ಕೊನೆಗೆ ಕುದುರೆಯ ಮಾಂಸದ ಮೇಲೆ ಬದುಕಬೇಕಾಯಿತು; ಅದನ್ನು ತಿನ್ನಲೊಲ್ಲದೆ ಹಸಿದೇ ಇದ್ದವರು ನಮ್ಮವರಲ್ಲಿ ಬಹಳ ಜನ. 1916ರ ಏಪ್ರಿಲ್ 29ರಂದು ಕೂತ್ ಶರಣಾಯಿತು. ಸೆರೆಸಿಕ್ಕ ಸುಮಾರು 13,000 ಜನರಲ್ಲಿ ಹೆಚ್ಚಿನವರು ಭಾರತೀಯರು. ಅವರನ್ನು ಬಗದಾದಿಗೆ, ಅಲ್ಲಿಂದ ಮೋಸುಲದ ಆಚೆಗೆ ಬಿಸಿಲಿನಲ್ಲಿ ನಡೆಸಿಕೊಂಡು ಹೋದರು. ಬದುಕಿದವರಲ್ಲಿ ಅನೇಕರನ್ನು ರೈಲುಹಾದಿಯ ಕೆಲಸಕ್ಕೆ ಹಚ್ಚಿದರು. ಸಾವಿರಾರು ಜನ ಆ ದಾರಿಯಲ್ಲಿಯೂ ಶಿಬಿರಗಳಲ್ಲಿಯೂ ತೀರಿಕೊಂಡರು.

ಮುಂದೆ ಬ್ರಿಟಿಷರು ಬಸ್ರಾದಲ್ಲಿ ದೊಡ್ಡ ಸ್ಮಾರಕವನ್ನು ಕಟ್ಟಿಸಿದರು. ಸಮಾಧಿ ಸಿಗದ 40,000ಕ್ಕೂ ಹೆಚ್ಚು ಜನರ ಸ್ಮಾರಕ ಅದು. ಅದರ ಗೋಡೆಯ ಮೇಲೆ ಬ್ರಿಟಿಷ್ ಸೈನಿಕರ ಹೆಸರುಗಳನ್ನು ಕೊರೆದರು, ಭಾರತೀಯ ಅಧಿಕಾರಿಗಳ ಹೆಸರುಗಳನ್ನೂ ಕೊರೆದರು. ಸಾಮಾನ್ಯ ಭಾರತೀಯ ಸಿಪಾಯಿಗಳಿಗೆ ಪಲ್ಟಣದ ಕೆಳಗೆ ಒಂದು ಸಂಖ್ಯೆಯನ್ನು ಕೊಟ್ಟರು. ಹಳ್ಳಿಯ ಕಲ್ಲಿನಲ್ಲಿ ಕಂಡದ್ದೇ ಬಸ್ರಾದ ಗೋಡೆಯಲ್ಲಿಯೂ. ಈ ತಾರತಮ್ಯವನ್ನು ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗವೇ ನೇಮಿಸಿದ ಸಮಿತಿಯು 2021ರ ಏಪ್ರಿಲಿನಲ್ಲಿ ಒಪ್ಪಿಕೊಂಡಿತು. ಆಫ್ರಿಕ, ಏಶಿಯಗಳ 45,000ದಿಂದ 54,000ದಷ್ಟು ಮೃತರನ್ನು ಸಮಾನವಾಗಿ ಸ್ಮರಿಸಿಲ್ಲವೆಂದೂ, ಕಡಿಮೆಯೆಂದರೆ 1,16,000 ಜನರನ್ನು ಹೆಸರಿನಿಂದ ಸ್ಮರಿಸಿಲ್ಲ ಅಥವಾ ಸ್ಮರಿಸಿಯೇ ಇಲ್ಲವೆಂದೂ ಅದು ಹೇಳಿತು. ಆಯೋಗ ಕ್ಷಮೆ ಕೇಳಿತು. ನೂರು ವರ್ಷಗಳ ಮೇಲೆ ಬಂದ ಕ್ಷಮೆ. ಬಂದದ್ದೇ ದೊಡ್ಡದು ಎನ್ನೋಣ.

ಇಲ್ಲಿ ವಾಚಕರಲ್ಲಿ ಕೆಲವರು ಹುಬ್ಬು ಗಂಟಿಕ್ಕುವುದು ಸಹಜ. ಪರರಾಜನ ಸಂಬಳಕ್ಕೆ ಪರದೇಶದಲ್ಲಿ ಕಾದಿದವರ ಸ್ಮರಣೆ ನಮಗೇಕೆ? ಈ ಪ್ರಶ್ನೆಗೆ ಸಾಂಗಲಿಯಷ್ಟು ಹಕ್ಕುಳ್ಳ ಊರು ಇನ್ನೊಂದಿಲ್ಲ. 1943ರ ಜುಲೈ 24ರಂದು ಸಾಂಗಲಿಯ ಕೋಟೆಯೊಳಗಿನ ಸೆರೆಮನೆಯಿಂದ ವಸಂತದಾದಾ ಪಾಟೀಲರೂ ಅವರ ಸಂಗಡಿಗರೂ ಹಾಡಹಗಲಿನಲ್ಲಿ ತಪ್ಪಿಸಿಕೊಂಡರು. ಬೆನ್ನಟ್ಟಿದ ಪೋಲೀಸರ ಗುಂಡಿಗೆ ಅಣ್ಣಾಸಾಹೇಬ ಪತ್ರಾವಳೆ ಮತ್ತು ಬಾಬುರಾವ ಜಾಧವ ಬಲಿಯಾದರು, ವಸಂತದಾದಾ ಗಾಯಗೊಂಡು ಮತ್ತೆ ಸೆರೆಸಿಕ್ಕರು. ಅದೇ ಕಾಲಕ್ಕೆ ನಾನಾ ಪಾಟೀಲರ ಪ್ರತಿಸರಕಾರವು ಸಾತಾರೆಯ ಹಳ್ಳಿಗಳಲ್ಲಿ ತನ್ನದೇ ನ್ಯಾಯಾಲಯಗಳನ್ನು ನಡೆಸುತ್ತಿತ್ತು. ಸೆರೆಮನೆಯ ಆ ಘಟನೆಯಾಗಿ ಎರಡು ತಿಂಗಳೊಳಗೆ, ಇದೇ ಸೀಮೆಯ ಹುಡುಗರನ್ನುಳ್ಳ ಮರಾಠಾ ಪಲ್ಟಣವು ಇಟಲಿಯ ತಾರಾಂತೊ ಬಂದರದಲ್ಲಿ ಇಳಿಯಿತು. ಒಬ್ಬ ತಮ್ಮ ಭೂಗತನಾಗಿ ಹೊಲದ ಕಬ್ಬಿನಲ್ಲಿ ಅಡಗಿರುವುದು, ಒಬ್ಬ ಅಣ್ಣ ದಂಡಿನಿಂದ ಮನೆಗೆ ಮನಿಯಾರ್ಡರು ಕಳಿಸುವುದು ಒಂದೇ ಸೂರಿನ ಕೆಳಗೆ ನಡೆಯಬಹುದಾದ ಸಂಗತಿಯಾಗಿತ್ತು. ಮಳೆ ಕೈಕೊಟ್ಟ ವರ್ಷ, ಸಾವುಕಾರನ ಬಡ್ಡಿ, ಎರಡೆಕರೆ ಒಣ ಹೊಲ: ಇವು ಸೇನೆಗೆ ಭರ್ತಿ ಮಾಡಿಸಿದಷ್ಟು ಜನರನ್ನು ರಾಜಭಕ್ತಿ ಮಾಡಿಸಿರಲಿಕ್ಕಿಲ್ಲ ಎಂಬುದು ನಮ್ಮ ಎಣಿಕೆ. ಒಬ್ಬರನ್ನು ಸ್ಮರಿಸುವುದಕ್ಕಾಗಿ ಇನ್ನೊಬ್ಬರನ್ನು ಮರೆಯಬೇಕಾಗಿಲ್ಲ.

ಮರಾಠಾ ಪದಾತಿದಳದ ತವರು 1922ರಿಂದ ಬೆಳಗಾವಿ. ಹೆಸರು ಮರಾಠಾ ಎಂದಿದ್ದರೂ ಅದರ ಹಾಜರಿಪಟ್ಟಿಯಲ್ಲಿ ಕನ್ನಡ ಮಾತಿನ ಮನೆಗಳ ಮಕ್ಕಳೂ ಇದ್ದರು, ಇದ್ದಾರೆ. ಗಡಿಯ ವಾದವಿವಾದ ಏನೇ ಇರಲಿ, ಬ್ಯಾರಕ್ಕಿನಲ್ಲಿ ಅದು ಬಹಳ ಹೊತ್ತು ನಿಲ್ಲುವುದಿಲ್ಲ.

ಇಟಲಿಯ ರಣರಂಗಕ್ಕೆ ಭಾರತದ 4, 8, 10ನೆಯ ಡಿವಿಜನ್ನುಗಳು ಹೋದವು. ಒಟ್ಟು 50,000ಕ್ಕೂ ಹೆಚ್ಚು ಭಾರತೀಯರು ಅಲ್ಲಿ ಕಾದಿದರು, 5,782 ಜನ ತೀರಿಕೊಂಡರು. ಆ ಯುದ್ಧ ನಡೆದ ದಾರಿಯನ್ನು ನಕಾಶೆಯಲ್ಲಿ ನೋಡಿದರೆ ಅದು ಇಟಲಿಯ ಬೆನ್ನೆಲುಬಿನ ಗುಂಟ ದಕ್ಷಿಣದಿಂದ ಉತ್ತರಕ್ಕೆ ಏರುತ್ತದೆ: 1943ರ ನವೆಂಬರಿನ ಕೆಸರಿನಲ್ಲಿ ದಾಟಿದ ಸಾಂಗ್ರೊ ನದಿ, 1944ರ ಕಸ್ಸೀನೊ, ಆ ಬೇಸಿಗೆಯ ಟೈಬರ್ ಕಣಿವೆ, ಫ್ಲಾರೆನ್ಸ್, 1945ರ ಏಪ್ರಿಲಿನ ಸೇನಿಯೊ ನದಿ. ಒಂದು ಬೆಟ್ಟವನ್ನು ಹತ್ತಿದರೆ ಅದರಾಚೆಗೆ ಇನ್ನೊಂದು. ಒಂದು ಹೊಳೆಯನ್ನು ದಾಟಿದರೆ ಮುಂದೆ ಇನ್ನೊಂದು. ಪ್ರತಿಯೊಂದು ದಂಡೆಯ ಮೇಲೂ ಜರ್ಮನರ ಮಶಿನ್‌ಗನ್ನು.

ಆ ದಾರಿಯ ಒಂದು ಪ್ರಸಂಗ ನಮ್ಮ ಮನಸ್ಸಿಗೆ ಬಹಳ ಹಿಡಿಸಿದ್ದು. ಫ್ಲಾರೆನ್ಸಿನ ಹತ್ತಿರ ಮೊಂತೆಗುಫೋನಿ ಎಂಬ ಹಳೆಯ ಕೋಟೆಮನೆ. 1944ರ ಬೇಸಿಗೆಯಲ್ಲಿ ಮರಾಠಾ ಪಲ್ಟಣದ ಜವಾನರು ಅಲ್ಲಿಗೆ ಬಂದಾಗ ಕೋಣೆಕೋಣೆಯಲ್ಲಿಯೂ ಗೋಡೆಗೆ ಆನಿಸಿಟ್ಟ ಚಿತ್ರಗಳು. ಬಾಂಬಿನಿಂದ ಕಾಪಾಡಲೆಂದು ಫ್ಲಾರೆನ್ಸಿನ ಉಫೀತ್ಸಿ ಸಂಗ್ರಹಾಲಯದವರು ಅಲ್ಲಿ ಬಚ್ಚಿಟ್ಟಿದ್ದ ನಿಧಿ ಅದು. ಬೊತ್ತಿಚೆಲ್ಲಿಯ ‘ಪ್ರಿಮಾವೆರಾ’ ಅವುಗಳಲ್ಲೊಂದು. ಅಲ್ಲಿದ್ದ ಸ್ಕಾಟ್ಲಂಡಿನ ಲೇಖಕ ಎರಿಕ್ ಲಿಂಕ್‌ಲೇಟರ್ ಇದನ್ನು ಬರೆದಿಟ್ಟಿದ್ದಾನೆ. ಆ ಚಿತ್ರಗಳಿಗೆ ಕಾವಲು ನಿಂತವರು ಸಹ್ಯಾದ್ರಿಯ, ಕೃಷ್ಣಾತೀರದ ರೈತರ ಮಕ್ಕಳು. ತಾವು ಕಾಯುತ್ತಿರುವುದು ಏನೆಂದು ಅವರಿಗೆ ಯಾರಾದರೂ ಹೇಳಿದ್ದರೋ ಇಲ್ಲವೋ, ಕಾದದ್ದಂತೂ ನಿಜ.

ಇನ್ನು ಮೊಂತೋನೆಯ ಮಾತು. ಪೆರೂಜಾ ಪ್ರಾಂತದಲ್ಲಿ, ಟೈಬರ್ ನದಿಯ ಮೇಲಣ ಕಣಿವೆಯಲ್ಲಿ, ಗುಡ್ಡದ ನೆತ್ತಿಯ ಮೇಲಿರುವ ಸಣ್ಣ ಊರು ಅದು. 1944ರ ಜುಲೈ 10ರಂದು ಆ ಕಣಿವೆಯಲ್ಲಿ 5ನೆಯ ಮರಾಠಾ ಪದಾತಿದಳದ 3ನೆಯ ಬಟಾಲಿಯನ್ನಿನ ನಾಯಕ ಯಶವಂತ ಘಾಡಗೆ ತನ್ನ ತುಕಡಿಯೊಡನೆ ಮುಂದೊತ್ತುತ್ತಿದ್ದ. ಅವನ ವಯಸ್ಸು ಇಪ್ಪತ್ತೆರಡು. ಊರು ಇಂದಿನ ರಾಯಗಡ ಜಿಲ್ಲೆಯ ಮಾಣಗಾಂವ ಸೀಮೆಯ ಪಳಸಗಾಂವ. ಹತ್ತಿರದಿಂದ ಹಾರಿದ ಮಶಿನ್‌ಗನ್ನಿನ ಗುಂಡಿಗೆ ತುಕಡಿಯವರೆಲ್ಲ ಸತ್ತರು ಇಲ್ಲವೆ ಗಾಯಗೊಂಡರು; ತುಕಡಿಯ ನಾಯಕನೊಬ್ಬನೇ ಉಳಿದ. ಅವನು ಓಡಿಹೋಗಿ ಕೈಬಾಂಬು ಎಸೆದು ಗನ್ನನ್ನೂ ಅದನ್ನು ನಡೆಸುತ್ತಿದ್ದವನನ್ನೂ ಅಡಗಿಸಿದ, ತನ್ನ ಟಾಮಿಗನ್ನಿನಿಂದ ಇನ್ನೊಬ್ಬನನ್ನು ಹೊಡೆದ. ಗುಂಡು ಮುಗಿಯಿತು. ಮತ್ತೆ ತುಂಬಲು ಸಮಯವಿಲ್ಲ. ಬಂದೂಕನ್ನು ತಿರುಗಿಸಿ ಹಿಡಿದು ಉಳಿದಿಬ್ಬರನ್ನು ಅದರ ಹಿಡಿಯಿಂದಲೇ ಬಡಿದು ಕೊಂದ. ಠಾಣೆ ಕೈವಶವಾದ ಮೇಲೆ ಮರೆಯಲ್ಲಿದ್ದವರ ಗುಂಡು ತಗಲಿ ಅಲ್ಲಿಯೇ ಬಿದ್ದ. ವಿಕ್ಟೋರಿಯಾ ಕ್ರಾಸ್ ಪದಕ ಅವನಿಗೆ ಮರಣೋತ್ತರವಾಗಿ ಸಂದಿತು. ಅವನಿಗೆ ಸಮಾಧಿಯೆಂಬುದಿಲ್ಲ, ಕಸ್ಸೀನೊದ ಸ್ಮಾರಕದ ಮೇಲೆ ಹೆಸರಿದೆ.

ಸಮಾಧಿ ಇಲ್ಲದ್ದಕ್ಕೆ ಇನ್ನೊಂದು ಸಾಮಾನ್ಯ ಕಾರಣವನ್ನೂ ತಿಳಿಯಬೇಕು. ಹಿಂದೂ ಮತ್ತು ಸಿಖ್ಖ ಸೈನಿಕರ ದೇಹಗಳನ್ನು ಆದಷ್ಟು ಮಟ್ಟಿಗೆ ದಹಿಸುತ್ತಿದ್ದರು. ಹಾಗಾಗಿ ಇಟಲಿಯ ಯುದ್ಧಶ್ಮಶಾನಗಳಲ್ಲಿ ಬಿಳಿಯ ಕಲ್ಲುಗಳ ಸಾಲಿನ ಬದಿಗೆ ದಹನಸ್ಮಾರಕವೆಂಬ ಪ್ರತ್ಯೇಕ ಕಟ್ಟಡವಿರುತ್ತದೆ. ಸಾಂಗ್ರೊ ನದಿಯ ಶ್ಮಶಾನದಲ್ಲಿ ಹೀಗೆ ಐನೂರಕ್ಕೂ ಹೆಚ್ಚು ಹೆಸರುಗಳಿವೆ. ಫೋರ್ಲಿಯಲ್ಲಿ ಅದಕ್ಕಿಂತ ಹೆಚ್ಚು. ಗೋರಿಗಳ ನಡುವೆ ನಮ್ಮವರನ್ನು ಕಾಣದೆ ನಿರಾಶರಾಗುವ ಪ್ರವಾಸಿಗಳು ಆ ಕಟ್ಟಡದತ್ತ ಹೋಗಬೇಕು.

ಘಾಡಗೆ ಸತ್ತ ಎಪ್ಪತ್ತೊಂಬತ್ತು ವರ್ಷಗಳ ಬಳಿಕ, 2023ರ ಜುಲೈಯಲ್ಲಿ, ಮೊಂತೋನೆಯ ಪುರಸಭೆಯವರೂ ಇಟಲಿಯ ಸೇನಾ ಇತಿಹಾಸದ ಅಭ್ಯಾಸಿಗಳೂ ಕೂಡಿ ಅವನ ಹೆಸರಿನಲ್ಲಿ ಒಂದು ಸ್ಮಾರಕವನ್ನು ನಿಲ್ಲಿಸಿದರು. ಅದು ಕತ್ತಿ ಹಿಡಿದ ಪ್ರತಿಮೆಯಲ್ಲ, ತೋಪಲ್ಲ. ಅದೊಂದು ನೆರಳುಗಡಿಯಾರ. ಎಲ್ಲರೂ ಒಂದೇ ಸೂರ್ಯನ ಕೆಳಗಿರುವವರು ಎಂಬ ಅರ್ಥದ ಲ್ಯಾಟಿನ್ ಮಾತು ಅದರ ಧ್ಯೇಯವಾಕ್ಯ. ಭಾರತದ ರಾಯಭಾರಿ ಆ ಸಮಾರಂಭದಲ್ಲಿದ್ದರು. ಸರಕಾರಗಳ ನಡುವಣ ಶಿಷ್ಟಾಚಾರ ಅದರಲ್ಲಿ ಇದ್ದೇ ಇದೆ. ಆದರೂ ದೂರದ ಕೊಂಕಣದ ಒಬ್ಬ ನಾಯಕನ ಹೆಸರನ್ನು ಹಳೆಯ ಕಾಗದಗಳಿಂದ ಹುಡುಕಿ ತೆಗೆದು, ನಮ್ಮ ಊರಿನ ಬಿಸಿಲಿನಲ್ಲಿ ಈ ಹೆಸರು ಇರಲಿ ಎಂದು ಆ ಊರಿನವರಿಗೆ ಅನಿಸಿತಲ್ಲ, ಅದು ಶಿಷ್ಟಾಚಾರವಲ್ಲ. ಸರಕಾರವೊಂದು ಸಂಖ್ಯೆಯಾಗಿ ಬರೆದಿಡುತ್ತಿದ್ದ ಜಾತಿಯ ಮನುಷ್ಯನನ್ನು ಒಂದು ಸಣ್ಣ ಊರು ಹೆಸರಿನಿಂದ ಕರೆಯಿತು.

ಇಟಲಿಯ ಹಳ್ಳಿಗರಿಗೂ ಸೈನಿಕರಿಗೂ ಇರುವ ಋಣ ಒಂದೇ ಕಡೆಯದಲ್ಲ. 1943ರ ಸೆಪ್ಟೆಂಬರಿನಲ್ಲಿ ಇಟಲಿ ಶರಣಾದಾಗ ಅಲ್ಲಿಯ ಸೆರೆಶಿಬಿರಗಳಲ್ಲಿ ಮಿತ್ರಪಕ್ಷದ ಸುಮಾರು 80,000 ಕೈದಿಗಳಿದ್ದರು. ಅಬ್ರುತ್ಸೊ ಬೆಟ್ಟಸೀಮೆಯ ಅವೆತ್ಸಾನೊ ಶಿಬಿರದಲ್ಲಿದ್ದವರು ಭಾರತೀಯರು. ಕಾವಲುಗಾರರು ಹೋದರು, ಜರ್ಮನರು ಬರುವುದಕ್ಕೆ ಮೊದಲೇ ಸಾವಿರಾರು ಕೈದಿಗಳು ಬೆಟ್ಟ ಹತ್ತಿದರು. ಮುಂದೆ ಚಳಿಗಾಲ. ಭಾಷೆ ಬಾರದು, ಮೈಮೇಲೆ ಬಟ್ಟೆಯಿಲ್ಲ. ಅವರಿಗೆ ಬಾಗಿಲು ತೆರೆದವರು ತಾವೇ ಹೊಟ್ಟೆಗಿಲ್ಲದ ಗೇಣಿ ರೈತರು, ಕುರಿಗಾಹಿಗಳು. ಆಶ್ರಯ ಕೊಟ್ಟವರಿಗೆ ಮರಣದಂಡನೆ ಎಂದು ಜರ್ಮನರು ಡಂಗುರ ಹೊಡೆಸಿದ್ದರು. ಅನ್ವೆರ್ಸಾ ಎಂಬ ಹಳ್ಳಿಯ ಕುರಿಗಾಹಿ ಮಿಕೇಲೆ ದೆಲ್ ಗ್ರೆಕೊ ತಪ್ಪಿಸಿಕೊಂಡ ಕೈದಿಗಳಿಗೆ ನೆರವಾದನೆಂದು 1943ರ ಡಿಸೆಂಬರಿನಲ್ಲಿ ಅವನನ್ನು ಗುಂಡಿಟ್ಟು ಕೊಂದರು. ನಮ್ಮ ಜತ್ತ, ಅಥಣಿ ಸೀಮೆಯಲ್ಲಿ ಕುರಿಯ ಹಿಂಡಿನ ಹಿಂದೆ ಕಂಬಳಿ ಹೊದ್ದು ಊರೂರು ತಿರುಗುವವರನ್ನು ಬಲ್ಲ ವಾಚಕರಿಗೆ ಆ ಮನುಷ್ಯ ಪರಕೀಯನೆನಿಸಲಾರ. ಅಬ್ರುತ್ಸೊದ ಕುರಿಗಾಹಿಗಳೂ ಚಳಿಗಾಲ ಬಂತೆಂದರೆ ಹಿಂಡು ಹೊಡೆದುಕೊಂಡು ದಕ್ಷಿಣದ ಬಯಲಿಗೆ ಇಳಿಯುವವರೇ. ಬೆಟ್ಟದ ಕಳ್ಳದಾರಿಗಳು ಅವರಿಗೆ ಗೊತ್ತಿದ್ದದ್ದರಿಂದಲೇ ಎಷ್ಟೋ ಕೈದಿಗಳು ಮಾಯೆಲ್ಲಾ ಪರ್ವತವನ್ನು ದಾಟಿ ಮಿತ್ರಸೇನೆಯನ್ನು ಸೇರಿದರು.

ಆ ದಾರಿಯನ್ನು ಈಗ ‘ಸ್ವಾತಂತ್ರ್ಯದ ಹಾದಿ’ ಎಂದು ಕರೆಯುತ್ತಾರೆ. ಸುಲ್ಮೋನಾ ಪಟ್ಟಣದಿಂದ ಕಸೋಲಿಯವರೆಗೆ ಮಾಯೆಲ್ಲಾವನ್ನು ದಾಟಿ ಮೂರು ದಿನಗಳ ನಡಿಗೆ. ಸುಲ್ಮೋನಾದ ಶಾಲೆಯೊಂದರವರು ಆರಂಭಿಸಿದ ಈ ಯಾತ್ರೆಗೆ 2001ರ ಮೇ ತಿಂಗಳಲ್ಲಿ ಚಾಲನೆ ಕೊಟ್ಟವರು ಇಟಲಿಯ ರಾಷ್ಟ್ರಾಧ್ಯಕ್ಷ ಚಾಂಪಿ. ಅವರೂ ತರುಣ ಸೈನ್ಯಾಧಿಕಾರಿಯಾಗಿದ್ದಾಗ 1944ರ ಮಾರ್ಚಿನ ಹಿಮದಲ್ಲಿ ಅದೇ ದಾರಿಯಿಂದ ಪಾರಾದವರು. ವಿದ್ಯಾರ್ಥಿಗಳು, ಮುದುಕರು, ಹಳೆಯ ಕೈದಿಗಳ ಮಕ್ಕಳು ಮೊಮ್ಮಕ್ಕಳು ಇದರಲ್ಲಿ ಸೇರುತ್ತಾರೆ. ನಮ್ಮ ಪಂಢರಪುರದ ವಾರಿಯನ್ನು ಕಂಡವರಿಗೆ ಇದರ ಸ್ವರೂಪ ತಟ್ಟನೆ ತಿಳಿದೀತು. ಇಲ್ಲಿ ಮಾತ್ರ ದಿಂಡಿಯ ಬದಲು ಬೆನ್ನಚೀಲ.

ಬ್ರಿಟಿಷ್ ಕೈದಿಗಳಾಗಿದ್ದ ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕೀತ್ ಕಿಲ್ಬಿ ಎಂಬಾತನ ಮುಂದಾಳುತನದಲ್ಲಿ 1989ರಲ್ಲಿ ಅವರು ಮೊಂತೆ ಸಾನ್ ಮಾರ್ತೀನೊ ಟ್ರಸ್ಟನ್ನು ಸ್ಥಾಪಿಸಿದರು. ನಮಗೆ ಅನ್ನವಿಕ್ಕಿದ ರೈತರು ತೀರಿಹೋದರು ಅಥವಾ ಮುದುಕರಾದರು, ಅವರಿಗೆ ಹಣ ಕೊಟ್ಟರೆ ಮುಟ್ಟಲಾರರು. ಅವರ ನಾಡಿನ ಮಕ್ಕಳಿಗೇನಾದರೂ ಮಾಡೋಣ ಎಂಬುದು ಅವರ ವಿಚಾರ. ಅಂದಿನಿಂದ ಆ ಟ್ರಸ್ಟು ಇಟಲಿಯ ತರುಣ ತರುಣಿಯರಿಗೆ ಇಂಗ್ಲಂಡಿನಲ್ಲಿ ಒಂದು ತಿಂಗಳು ಇಂಗ್ಲಿಷ್ ಕಲಿಯುವ ವಿದ್ಯಾರ್ಥಿವೇತನವನ್ನು ಕೊಡುತ್ತ ಬಂದಿದೆ. ಕಿಲ್ಬಿ 2018ರಲ್ಲಿ ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡ. ಒಂದು ಚಳಿಗಾಲದ ಊಟದ ಋಣವನ್ನು ತೀರಿಸಲು ಅವನು ಆಯುಷ್ಯದ ಕೊನೆಯ ಮೂವತ್ತು ವರ್ಷಗಳನ್ನು ಕೊಟ್ಟ.

ಕಲ್ಲು ನಿಲ್ಲಿಸುವುದೊಂದು, ಕಲ್ಲಿನ ಸುತ್ತಲಿನ ಊರನ್ನು ಎತ್ತಿ ನಿಲ್ಲಿಸುವುದೊಂದು. ಇವೆರಡೂ ಕೂಡಿ ನಡೆದ ಮತ್ತು ಕೂಡದೆ ತಪ್ಪಿದ ಉದಾಹರಣೆಗಾಗಿ ಪಪುವಾ ನ್ಯೂಗಿನಿಯನ್ನು ನೋಡಬೇಕು. ಅಲ್ಲಿಯ ಓವರ್ಸ್ ಕಾರ್ನರಿನಿಂದ ಕೊಕೊಡಾದವರೆಗೆ 96 ಕಿಲೋಮೀಟರು ಕಾಡುಬೆಟ್ಟದ ಕಾಲುದಾರಿ. 1942ರ ಜುಲೈಯಿಂದ ನವೆಂಬರದವರೆಗೆ ಆಸ್ಟ್ರೇಲಿಯದವರೂ ಜಪಾನೀಯರೂ ಅದರ ಮೇಲೆ ಕಾದಿದರು. ಆಸ್ಟ್ರೇಲಿಯದ ಆರುನೂರಕ್ಕೂ ಹೆಚ್ಚು ಜನ ಸತ್ತರು. ಜಪಾನೀಯರು ಅದಕ್ಕಿಂತ ಎಷ್ಟೋ ಹೆಚ್ಚು. ಗಾಯಾಳುಗಳನ್ನು ಡೋಲಿಯಲ್ಲಿ ಹೊತ್ತು ಕೆಸರಿನಲ್ಲಿ ಇಳಿಸಿದವರು ಆ ಹಳ್ಳಿಗಳ ಜನ. ಅವರಲ್ಲಿ ಬಹುಮಂದಿಯನ್ನು ಒತ್ತಾಯದಿಂದಲೇ ಕೆಲಸಕ್ಕೆ ಎಳೆದಿದ್ದರು. ಪತ್ರಿಕೆಗಳು ಅವರನ್ನು ದೇವದೂತರೆಂದು ಹೊಗಳಿದವು. ಹೊಗಳಿಕೆಗೆ ತಕ್ಕ ಪರಿಹಾರ ಮಾತ್ರ ದೊರೆಯಲಿಲ್ಲ. ಆಸ್ಟ್ರೇಲಿಯ ಸರಕಾರ ಅವರಿಗಾಗಿ ಸ್ಮರಣ ಪದಕವೊಂದನ್ನು ಕೊಡಲಾರಂಭಿಸಿದ್ದು 2009ರಲ್ಲಿ. ಅಷ್ಟರಲ್ಲಿ ಪಡೆಯಬೇಕಾದವರಲ್ಲಿ ಬಹಳ ಜನ ಮಣ್ಣಾಗಿದ್ದರು.

ಸರಕಾರ ಹೀಗೆ ತಡಮಾಡುತ್ತಿದ್ದಾಗ ಆ ದಾರಿಯಲ್ಲಿ ಸುಮ್ಮನೆ ದುಡಿದ ಒಬ್ಬ ಮನುಷ್ಯನಿದ್ದ. ಕೊಕಿಚಿ ನಿಶಿಮುರ ಎಂಬ ಜಪಾನೀ ಸೈನಿಕ. ಎಫೋಗಿಯ ಹತ್ತಿರದ ಕಾಳಗದಲ್ಲಿ ತನ್ನ ತುಕಡಿಯಲ್ಲಿ ಬದುಕುಳಿದವನು ಅವನೊಬ್ಬನೇ. ನಿಮ್ಮನ್ನು ಮನೆಗೆ ಒಯ್ಯಲು ಮರಳಿ ಬರುತ್ತೇನೆಂದು ಸತ್ತ ಗೆಳೆಯರಿಗೆ ಮಾತು ಕೊಟ್ಟಿದ್ದ. 1979ರಲ್ಲಿ ಜಪಾನಿನ ತನ್ನ ವ್ಯವಹಾರವನ್ನೂ ಸಂಸಾರವನ್ನೂ ಬಿಟ್ಟು ನ್ಯೂಗಿನಿಗೆ ಹೋದ. ಇಪ್ಪತ್ತೈದು ವರ್ಷಗಳಿಗೂ ಮಿಕ್ಕಿ ಕಾಡಿನಲ್ಲಿ ಅಸ್ಥಿಗಳನ್ನು ಅಗೆದು ತೆಗೆದ, ಸ್ಮಾರಕಗಳನ್ನು ಕಟ್ಟಿದ, 2015ರಲ್ಲಿ ಜಪಾನಿನಲ್ಲಿ ಕಣ್ಣುಮುಚ್ಚಿದ. ಸಂಸಾರವನ್ನು ಬಿಟ್ಟದ್ದನ್ನು ನಾವು ಮೆಚ್ಚಲಾರೆವು. ಕೊಟ್ಟ ಮಾತಿನ ಭಾರ ಅಷ್ಟಿತ್ತು ಎಂದಷ್ಟೇ ಹೇಳಬಹುದು.

ಆಸ್ಟ್ರೇಲಿಯದವರ ಕಡೆಯಿಂದ, 2002ರ ಆಗಸ್ಟಿನಲ್ಲಿ ಇಸುರಾವಾ ಎಂಬಲ್ಲಿ ನಾಲ್ಕು ಕರಿಯ ಗ್ರಾನೈಟು ಕಂಬಗಳ ಸ್ಮಾರಕ ಉದ್ಘಾಟನೆಯಾಯಿತು. ಅದಕ್ಕೆ ಮೊದಲೇ, 1990ರ ದಶಕದ ನಡುವಿನಲ್ಲಿ, ರೋಟರಿಯ ಸ್ವಯಂಸೇವಕರು ಕೊಕೊಡಾದಲ್ಲಿ ಒಂದು ಆಸ್ಪತ್ರೆಯನ್ನು ಕಟ್ಟಿದ್ದರು. ಆ ಬಳಿಕ ಬೇರೆ ಸಂಘಗಳು ದಾರಿಗುಂಟದ ಹಳ್ಳಿಗಳಲ್ಲಿ ಶಾಲೆ, ಶಿಕ್ಷಕರ ತರಬೇತಿ, ಔಷಧಗಳ ಕೆಲಸಕ್ಕೆ ಕೈಹಾಕಿದವು. ಕಂಬವನ್ನು ನೋಡಲು ಪ್ರವಾಸಿ ಬರುತ್ತಾನೆ. ಹೆರಿಗೆಯ ಹೆಂಗಸು ಆಸ್ಪತ್ರೆಗೆ ಬರುತ್ತಾಳೆ. ಹೊರೆ ಹೊತ್ತವನ ಮೊಮ್ಮಗಳಿಗೆ ಎರಡರಲ್ಲಿ ಯಾವುದು ನಿಜವಾದ ಸ್ಮಾರಕವಾಗಿ ತೋರೀತೆಂದು ವಿವರಿಸಬೇಕಾಗಿಲ್ಲ.

ನಮ್ಮ ಸೀಮೆಗೆ ಬರೋಣ. ಇಲ್ಲಿಯೂ ಸೈನಿಕರ ಊರುಗಳಿಗೆ ಕೊರತೆಯಿಲ್ಲ. ಸಾತಾರೆಯ ಅಪಶಿಂಗೆಯಿಂದ ಹೋದವರಲ್ಲಿ 46 ಜನ ಮೊದಲ ಮಹಾಯುದ್ಧದಲ್ಲಿ ತೀರಿಕೊಂಡರು. ಅದನ್ನು ಇಂದಿಗೂ ‘ಮಿಲಿಟರಿ ಅಪಶಿಂಗೆ’ ಎಂದೇ ಕರೆಯುತ್ತಾರೆ. ನಮಗೆ ಇನ್ನೂ ಹತ್ತಿರದ, ಶಿರೋಳ ತಾಲೂಕಿನ ಟಾಕಳಿ ತಲೆಮಾರಿನಿಂದ ತಲೆಮಾರಿಗೆ ಮಕ್ಕಳನ್ನು ದಂಡಿಗೆ ಕಳಿಸಿ ‘ಸೈನಿಕ ಟಾಕಳಿ’ಯಾಯಿತು, ಆ ಊರಿನವರು ತಮ್ಮ ಹುತಾತ್ಮರಿಗೆ ಊರಿನಲ್ಲಿಯೇ ಸ್ಮಾರಕವನ್ನೂ ಮಾಡಿಕೊಂಡಿದ್ದಾರೆ. ಇಂಥ ಊರುಗಳಿಗೆ ಯಾರೂ ಕಲಿಸಬೇಕಾದದ್ದಿಲ್ಲ. ತೊಂದರೆ ಇರುವುದು ನಾಲ್ಕೈದು ಜನರನ್ನಷ್ಟೇ ಕಳಿಸಿದ ಸಣ್ಣ ಹಳ್ಳಿಗಳದು. ಅಲ್ಲಿ ಹೆಸರನ್ನು ಹಿಡಿದಿಡುವಷ್ಟು ಮನೆಗಳಿಲ್ಲ. ಹೋದವನು ಮದುವೆಯಾಗದ ಹುಡುಗನಾಗಿದ್ದರೆ ಅವನ ಹೆಸರು ಅವನ ತಾಯಿಯೊಡನೆಯೇ ಮುಗಿದುಹೋಯಿತು.

ಇದು ಸರಕಾರ ಮಾಡುವ ಕೆಲಸವಲ್ಲ. ಮಾಡಿದರೂ ಮತ್ತೊಂದು ಸಂಖ್ಯೆಯಾಗಿಯೇ ಮಾಡೀತು. ಪಂಜಾಬಿನವರು ಏನು ಮಾಡಿದರೆಂಬುದನ್ನು ನೋಡಬೇಕು. ಮೊದಲ ಮಹಾಯುದ್ಧಕ್ಕೆ ಪಂಜಾಬಿನಿಂದ ಹೋದವರ ಪಟ್ಟಿಗಳು ಹಳ್ಳಿವಾರಾಗಿ ಲಾಹೋರಿನ ಸಂಗ್ರಹಾಲಯದಲ್ಲಿ ತೊಂಬತ್ತೇಳು ವರ್ಷ ಬಿದ್ದಿದ್ದವು. ಬ್ರಿಟನ್ನಿನಲ್ಲಿ ನೆಲೆಸಿದ ಪಂಜಾಬೀ ಸಂಘವೊಂದು ಅಲ್ಲಿಯ ಗ್ರೀನಿಚ್ ವಿಶ್ವವಿದ್ಯಾಲಯದೊಡನೆ ಸೇರಿ ಸುಮಾರು 3,20,000 ಜನರ ದಾಖಲೆಗಳನ್ನು ಅಲ್ಲಿಂದ ತೆಗೆಸಿ 2021ರ ನವೆಂಬರಿನಿಂದ ಸಾರ್ವಜನಿಕರಿಗೆ ಹುಡುಕಲು ಬಿಡತೊಡಗಿತು. ಊರು ಬಿಟ್ಟು ಬಂದವರೇ ಊರಿನ ಹೆಸರನ್ನು ಹುಡುಕಿದ್ದು ಗಮನಿಸತಕ್ಕದ್ದು. ಗಡಿಯಾಚೆ ಮನೆ ಮಾಡಿದ ನಮ್ಮಂಥವರಿಗೆ ಇದರ ಕಾರಣ ಗೊತ್ತಿದೆ.

ಹುಡುಕಬೇಕೆನ್ನುವವರಿಗೆ ಕೆಲವು ಗುರುತುಗಳನ್ನು ಇಲ್ಲಿ ಹೇಳಬಹುದು. ಮೊದಲನೆಯದು ಮನೆಯ ಪೆಟ್ಟಿಗೆ. ಮೊದಲ ಮಹಾಯುದ್ಧದ ದುಂಡನೆಯ ಬೆಳ್ಳಿಯ ಪದಕ ಸಿಕ್ಕರೆ ಅದರ ಮೇಲಿನ ರಾಜನ ಮುಖವನ್ನು ನೋಡುತ್ತ ಕೂಡಬೇಡಿರಿ, ಅಂಚನ್ನು ನೋಡಿರಿ. ಸಿಪಾಯಿಯ ನಂಬರು, ದರ್ಜೆ, ಹೆಸರು, ಪಲ್ಟಣ ಅಲ್ಲಿ ಕೊರೆದಿರುತ್ತದೆ. ಬರಗಾಲದಲ್ಲಿ ಅಕ್ಕಸಾಲಿಗನ ಮೂಸೆಯನ್ನು ಸೇರಿದ ಪದಕಗಳು ಎಷ್ಟೋ. ಕೆಲವು ಮೊಮ್ಮಗಳ ಕಾಲಂದುಗೆಯಾಗಿಯೂ ಉಳಿದಿರಬಹುದು. ಉಳಿದ ಪದಕವಿದ್ದರೆ ಅದನ್ನು ಹುಣಿಸೆಹಣ್ಣು ಹಾಕಿ ಉಜ್ಜಬೇಡಿರಿ, ಅಕ್ಷರ ಸವೆಯುತ್ತದೆ. ಎರಡನೆಯದು ಪಿಂಚಣಿಯ ಕಾಗದ. ಅದು ಮೋಡಿಯಲ್ಲಿದ್ದರೆ ಸಾಂಗಲಿ, ಕೊಲ್ಲಾಪುರಗಳಲ್ಲಿ ಓದಬಲ್ಲವರು ಈಗಲೂ ಸಿಗುತ್ತಾರೆ. ಮೂರನೆಯದು ಯುದ್ಧಸಮಾಧಿ ಆಯೋಗದ ದಾಖಲೆ. ಇದನ್ನು ಈಗ ಮೊಮ್ಮಕ್ಕಳು ತಮ್ಮ ಫೋನಿನಲ್ಲಿಯೇ ಹುಡುಕಿಕೊಡಬಲ್ಲರು. ಭಾರತೀಯ ಸೈನಿಕರ ಹೆಸರಿನೊಡನೆ ಅನೇಕ ಕಡೆ ತಂದೆಯ ಹೆಸರು, ಊರು, ತಾಲೂಕು, ಜಿಲ್ಲೆ ಕೊಟ್ಟಿರುತ್ತದೆ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯವರನ್ನೂ ಕೇಳಿ ನೋಡಬಹುದು.

ಆದರೆ ಹೆಸರು ನಾವು ಕರೆಯುವ ರೂಪದಲ್ಲಿ ಸಿಗುತ್ತದೆಂದು ನಂಬಬಾರದು. ಕನ್ನಡ ಮನೆಯ ಹುಡುಗ ಹೇಳಿದ ಹೆಸರನ್ನು ಮರಾಠಿ ಕಾರಕೂನ ಕೇಳಿ, ಇಂಗ್ಲಿಷ್ ಗುಮಾಸ್ತ ಬರೆದಿಟ್ಟದ್ದು ಅದು. ಕಲ್ಲಪ್ಪನು ಕಲಾಪಾ ಆಗಿರುವನು, ಮಲ್ಲಪ್ಪನು ಮಾಲೂ ಆಗಿರುವನು, ಬಸವಣ್ಣಿಯು ಬಸವಂತನಾಗಿರುವುದೂ ಉಂಟು. ಅಡ್ಡಹೆಸರು ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಊರಿನ ಹೆಸರಿಗೂ ಇದೇ ಗತಿ. ಸಂಸ್ಥಾನದ ಹಳ್ಳಿಯಾಗಿದ್ದರೆ ಜಿಲ್ಲೆಯ ಸ್ಥಳದಲ್ಲಿ ಮಿರಜವೋ ಸಾಂಗಲಿಯೋ ಜಮಖಂಡಿಯೋ ಬಂದಿರಬಹುದು, ಇಂದಿನ ಜಿಲ್ಲೆಯಲ್ಲಿ ಹುಡುಕಿದರೆ ಸಿಗದು. ಆದ್ದರಿಂದ ಮೊದಲು ತಂದೆಯ ಹೆಸರನ್ನು ಹಿಡಿದು ಹುಡುಕುವುದು ಮೇಲು. ಅದು ಗೊತ್ತಿಲ್ಲವಾದರೆ ಮನೆಯ ಹಿರಿಯ ಹೆಣ್ಣುಮಕ್ಕಳನ್ನು ಕೇಳಬೇಕು. ಪಕ್ಷಮಾಸದಲ್ಲಿ ಯಾರಯಾರ ಹೆಸರಿನಲ್ಲಿ ಎಡೆ ಇಡುತ್ತಿದ್ದರೆಂಬುದು ಅವರಿಗೆ ನೆನಪಿರುತ್ತದೆ. ಮಕ್ಕಳಿಲ್ಲದೆ ದೂರದಲ್ಲಿ ತೀರಿದ ಒಬ್ಬ ಮುತ್ತಜ್ಜನ ತಮ್ಮನ ಎಡೆಯೂ ಅವುಗಳಲ್ಲಿ ಇದ್ದೀತು.